ಮಂಜಿನ ಗವಿಯಲ್ಲಿ ಮರೆತ ಡಬ್ಬಿ

ತೊಮೆಯನ್ನು ಯಾರಾದರೂ ಹೊಗಳಿದರೆ ಅವಳ ಮುಖ ಹಾಗಲಕಾಯಿ ಕಚ್ಚಿದವರ ಮುಖದಂತಾಗುತ್ತಿತ್ತು. ಊರವರು ಅದನ್ನು ಸಂಕೋಚವೆಂದು ತಿಳಿದು ಇನ್ನಷ್ಟು ಹೊಗಳುತ್ತಿದ್ದರು. ಫುಜಿ ಬೆಟ್ಟದ ಬಡಗಣ ಬುಡದಲ್ಲಿ, ಕೆರೆಗೂ ಕಪ್ಪುಕಲ್ಲಿನ ಕಾಡಿಗೂ ನಡುವೆ ಸಿಕ್ಕಿಕೊಂಡಿದ್ದ ಸಣ್ಣ ಊರು ಅದು. ಯಾರ ಮನೆಯ ಒಲೆ ಎಷ್ಟು ಹೊತ್ತಿಗೆ ಹೊತ್ತಿತು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ವಸಂತದಲ್ಲಿ ಹಿಪ್ಪುನೇರಳೆ ಚಿಗುರಿದರೆ ತೊಮೆ ಮೊದಲ ಬುಟ್ಟಿ ಸೊಪ್ಪನ್ನು ಪಕ್ಕದ ಮನೆಯ ಗೊಂಜೋ ಮುದುಕನಿಗೆ ಕೊಟ್ಟು, ಆಮೇಲೆ ತನ್ನ ಮನೆಗೆ ಕೊಯ್ಯುತ್ತಿದ್ದಳು. ಗೊಂಜೋನ ಹೆಂಡತಿ ಹಾಸಿಗೆ ಹಿಡಿದಾಗ ಮಲಮೂತ್ರ ಬಾಚಿದವಳು ಅವಳೇ. ಆಕೆ ಸತ್ತ ಮೇಲೆ ಮುದುಕನ ಗಂಜಿ, ಬಟ್ಟೆ ನೋಡಿಕೊಂಡವಳೂ ಅವಳೇ.

"ಹೆತ್ತ ಮಗಳೂ ಇಷ್ಟು ಮಾಡಲ್ಲ ಕಣೇ" ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಹೇಳುತ್ತಿದ್ದರು. ಆ ಮಾತು ತೊಮೆಯ ಕಿವಿಗೆ ಕಾದ ಸೀಸ ಹೊಯ್ದಂತೆ ಇಳಿಯುತ್ತಿತ್ತು. ಗೊಂಜೋನ ಹೆತ್ತ ಮಗಳು ಆ ಊರು ಬಿಟ್ಟು ಹೋದದ್ದು ತನ್ನಿಂದಲೇ ಎಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ತೊಮೆ ಎಂಬ ಹೆಸರಿಗೆ ಅಲ್ಲಿ 'ಇಲ್ಲಿಗೆ ನಿಲ್ಲಲಿ' ಎಂಬ ಅರ್ಥವಿದೆ. ಮೇಲಿಂದ ಮೇಲೆ ಹೆಣ್ಣಾದ ಮನೆಯಲ್ಲಿ ಕೊನೆಯ ಕೂಸಿಗೆ ನಾವು ಸಾಕಮ್ಮ ಎಂದು ಇಡುವುದಿಲ್ಲವೆ, ಹಾಗೆ. ಬೇಡವಾಗಿ ಹುಟ್ಟಿದವಳು ಎಲ್ಲರಿಗೂ ಬೇಕಾದವಳಾಗಲು ಜೀವಮಾನವಿಡೀ ಒದ್ದಾಡುತ್ತಾಳೆ. ಕೆರೆಯಾಚೆಯ ಊರಿಂದ ತಾಸುಕೆ ಎಂಬ ಮೆತ್ತನೆಯ ಗಂಡಸಿನ ಹೆಂಡತಿಯಾಗಿ ಅವಳು ಬಂದಳು. ಮೆತ್ತನೆಯ ಗಂಡಸಿನ ತಾಯಿ ಗಟ್ಟಿಗಿತ್ತಿಯೇ ಆಗಿರುತ್ತಾಳೆ. ಇಲ್ಲೂ ಹಾಗೇ ಇತ್ತು. ಅತ್ತೆ ಕೆಮ್ಮಿದರೆ ತೊಮೆ ಎದ್ದು ನಿಲ್ಲುತ್ತಿದ್ದಳು.

ಆ ಊರಿನ ಅನ್ನ ರೇಷ್ಮೆಯಿಂದ ಬರುತ್ತಿತ್ತು. ಹುಳು ಎಂದು ಬಾಯಿತಪ್ಪಿಯೂ ಅನ್ನುವಂತಿರಲಿಲ್ಲ, 'ಅವರು' ಎನ್ನಬೇಕು. ಅವರು ಎದ್ದರು, ಅವರು ಪೊರೆ ಬಿಡಲು ಜ್ವರಕ್ಕೆ ಕೂತರು, ಅವರಿಗೆ ಇವತ್ತು ಸೊಪ್ಪು ಸೇರಲಿಲ್ಲ. ಮನೆಯ ಅಳಿಯನಿಗೂ ಅಷ್ಟು ಮರ್ಯಾದೆ ಇರಲಿಲ್ಲ. ಕಾಡಿನೊಳಗೆ, ಬೆಟ್ಟ ಎಂದೋ ಕಕ್ಕಿದ ಬೆಂಕಿ ಆರಿ ಕಲ್ಲಾಗಿರುವ ಕಡೆ, ಒಂದು ಗವಿ ಇದೆ. ಹೊರಗೆ ಬೇಸಿಗೆಯ ಜೀರುಂಡೆ ಗಂಟಲು ಹರಿದುಕೊಳ್ಳುತ್ತಿದ್ದರೂ ಗವಿಯೊಳಗೆ ಮಂಜುಗಡ್ಡೆ ಕಂಬಕಂಬವಾಗಿ ನಿಂತಿರುತ್ತದೆ. ರೇಷ್ಮೆ ಮೊಟ್ಟೆ ಅಂಟಿದ ಹಾಳೆಗಳನ್ನು ತೆಳುಹಲಗೆಯ ಪೆಟ್ಟಿಗೆಯಲ್ಲಿಟ್ಟು ಪ್ರತಿ ಮನೆಯವರೂ ಅದರಲ್ಲಿ ಇರಿಸುತ್ತಿದ್ದರು. ಆ ಚಳಿಯಲ್ಲಿ ಮೊಟ್ಟೆ ಮಲಗಿರುತ್ತದೆ. ಬೇಸಿಗೆ ಇಳಿದ ಮೇಲೆ ಹೊರಗೆ ತಂದರೆ ವರ್ಷದ ಎರಡನೆಯ ಬೆಳೆ.

ಒಮ್ಮೆ ಬಿಸಿ ತಾಗಿ ಎಚ್ಚರಗೊಂಡ ಮೊಟ್ಟೆಯನ್ನು ಮತ್ತೆ ಮಲಗಿಸಲು ಆಗದು. ಕೂಡಲೇ ಹೊರಗೆ ತಂದು ಮರಿ ಮಾಡಿಸಿಕೊಂಡರೆ ಅಷ್ಟೋ ಇಷ್ಟೋ ದಕ್ಕುತ್ತದೆ. ಚಳಿಯಲ್ಲೇ ಬಿಟ್ಟರೆ ಚಿಪ್ಪಿನೊಳಗೇ ಸಾಯುತ್ತದೆ. ಹಾಲುಗಲ್ಲದ ಮಕ್ಕಳಿಗೂ ಗೊತ್ತಿದ್ದ ಮಾತು ಇದು. ಗವಿಯ ಬೀಗದಕೈ ವಾರಕ್ಕೊಂದು ಮನೆಯ ಪಾಳಿ. ಹೆಂಗಸರು ಒಳಗೆ ಕಾಲಿಡುವಂತಿಲ್ಲ, ಬೆಟ್ಟದ ದೇವಿಗೆ ಹೊಟ್ಟೆಕಿಚ್ಚು ಎಂದು ಗಂಡಸರು ಹೇಳುತ್ತಿದ್ದರು. ದೇವಿಯನ್ನು ಯಾರು ಹೋಗಿ ಕೇಳಿಕೊಂಡು ಬಂದರೋ ಕಾಣೆ.

ಆ ಬೇಸಿಗೆಯಲ್ಲಿ ತಾಸುಕೆಯ ಮನೆಯ ಪಾಳಿ ಬಂದ ವಾರವೇ ತೊಮೆಯ ಅಕ್ಕ ಸೆಕಿ ಬಂದಿಳಿದಳು. ಸೆಕಿ ಟೋಕಿಯೋದಲ್ಲಿ ತೋಫು ಅಂಗಡಿಯವನ ಹೆಂಡತಿ. ಬೀದಿಯವರೆಲ್ಲ ಸೇರಿ ಫುಜಿ ಹತ್ತಲು ಹೊರಟ ಗುಂಪಿನಲ್ಲಿ ಬಿಳಿಯ ಉಡುಪು ತೊಟ್ಟು ಬಂದಿದ್ದಳು. ತಂಗಿಗೆಂದು ಒಂದು ತಗಡಿನ ಡಬ್ಬಿ ತಂದಿದ್ದಳು. ಅಂಗೈಯುದ್ದದ್ದು, ಹೊಟ್ಟೆಗೆ ಒತ್ತಿ ಕೂರಲೆಂದು ಒಳಕ್ಕೆ ಬಾಗಿದ್ದು. ಒಳಗಿನ ಇದ್ದಿಲು ಪುಡಿಯ ಉಂಡೆಗೆ ಕಿಡಿ ಹೊತ್ತಿಸಿ, ಮುಚ್ಚಿ, ಬಟ್ಟೆಯ ಚೀಲಕ್ಕೆ ಹಾಕಿ ಸೊಂಟಪಟ್ಟಿಯೊಳಗೆ ಸೇರಿಸಿಕೊಂಡರೆ ಸಂಜೆಯವರೆಗೂ ಬಿಸಿ. ಬೆಟ್ಟದ ನೆತ್ತಿಯ ಚಳಿಗೆ ಯಾತ್ರಿಕರು ಇಟ್ಟುಕೊಳ್ಳುವಂಥದ್ದು.

"ಏನೇ, ಇಷ್ಟು ವರ್ಷ ಬಾಳ್ವೆ ಮಾಡಿ ಆ ಗವಿ ನೋಡಿಲ್ವಾ ನೀನು? ಬೇಸಿಗೇಲಿ ಮಂಜುಗಡ್ಡೆ ಇರತ್ತಂತಲ್ಲ!" ಎಂದಳು ಸೆಕಿ.

"ಹೆಂಗಸ್ರು ಹೋಗ್ಬಾರ್ದು ಅಕ್ಕಾ."

"ಬೆಟ್ಟಕ್ಕೂ ಹೆಂಗಸ್ರು ಹತ್ಬಾರ್ದು ಅಂತಿದ್ರು ಅಜ್ಜಿ ಕಾಲದಲ್ಲಿ. ನಾಳೆ ನಾನು ಹತ್ತಲ್ವಾ? ದೇವಿಗೆ ಹೊಟ್ಟೆಕಿಚ್ಚು ಬರೋ ಹಾಗೆ ಏನಿದೆಯೇ ಈ ಮೂತೀಲಿ?" ಎಂದು ಸೆಕಿ ತನ್ನ ದುಂಡು ಮೂಗನ್ನು ತಾನೇ ಹಿಂಡಿಕೊಂಡು ತೋರಿಸಿದಳು. "ಹೋಗ್ಲಿ ಬಿಡು, ನಿಮ್ಮತ್ತೆಗೆ ಹೆದರ್ತೀಯ. ಚಿಕ್ಕೋಳಿದ್ದಾಗಿಂದ ನೀನು ಹಾಗೇ."

ಆ ಕೊನೆಯ ಮಾತು ಮುಳ್ಳಿನಂತೆ ನೆಟ್ಟಿತು. ತಾಸುಕೆ ಜೋಳ ತರಲು ದೋಣಿಯಲ್ಲಿ ಕೆರೆಯಾಚೆ ಹೋಗಿದ್ದ. ಅತ್ತೆಗೆ ಮಧ್ಯಾಹ್ನದ ನಿದ್ದೆ. ಬೀಗದಕೈ ಮೊಳೆಯಲ್ಲಿ ತೂಗುತ್ತಿತ್ತು. ತೊಮೆ ಡಬ್ಬಿಗೆ ಕಿಡಿ ಹೊತ್ತಿಸಿ ಸೊಂಟಕ್ಕೆ ಸೇರಿಸಿಕೊಂಡು, ಬೀಗದಕೈ ತೆಗೆದುಕೊಂಡಳು.

ಏಣಿ ಇಳಿಯುತ್ತಿದ್ದ ಹಾಗೆ ಬೇಸಿಗೆ ತಲೆಯ ಮೇಲೆಯೇ ಉಳಿಯಿತು. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಹಲ್ಲು ಚಳಿಗೆ ಸಿಕ್ಕವು. ಮೇಣದ ಬತ್ತಿ ಎತ್ತಿ ಹಿಡಿದಾಗ ಗೋಡೆಯೆಲ್ಲ ಹಸಿರುಮಿಶ್ರಿತ ನೀಲಿಯಾಗಿ ಮಿಂಚಿತು. ನೆಲದಿಂದ ಎದ್ದ ಮಂಜುಗಡ್ಡೆಯ ಕಂಬಗಳು ಆಳೆತ್ತರಕ್ಕೆ ನಿಂತಿದ್ದವು. ಸೆಕಿಯಂಥ ಸೆಕಿಯೇ ಮಾತು ಮರೆತು ಕೈ ಮುಗಿದಳು. ಒಂದು ಚೂರು ಮುರಿದುಕೊಂಡು ಹೋಗೋಣ ಎಂದವಳು ತೊಮೆ. ಕೈ ಕೊರೆಯುತ್ತಿತ್ತು, ಕಟ್ಟಿಕೊಳ್ಳಲು ಬಟ್ಟೆ ಬೇಕು. ಡಬ್ಬಿಯನ್ನು ಅದರ ಚೀಲದಿಂದ ತೆಗೆದು, ಬರಿಯ ತಗಡನ್ನು ಕೈಗೆ ಸಿಕ್ಕ ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟು, ಚೀಲದಲ್ಲಿ ಮಂಜುಗಡ್ಡೆ ತುಂಬಿದಳು. ಅಷ್ಟರಲ್ಲಿ ಮೇಲೆ ಸೌದೆ ಕಡಿಯುವವರ ಮಾತು ಕೇಳಿಸಿತು. ಇಬ್ಬರೂ ಬತ್ತಿ ಆರಿಸಿ, ಉಸಿರು ಬಿಗಿಹಿಡಿದು ಕಾದು, ದನಿ ದೂರವಾದ ಕೂಡಲೇ ಮೇಲೆ ಬಂದು ಬೀಗ ಜಡಿದು ಓಡಿದರು. ದಾರಿಯುದ್ದಕ್ಕೂ ಹುಡುಗಿಯರಂತೆ ಮಂಜುಗಡ್ಡೆ ಕಟಕಟ ಕಡಿದು ನಕ್ಕರು. ಆ ಊರಿಗೆ ಬಂದ ಮೇಲೆ ತೊಮೆ ಅಷ್ಟು ನಕ್ಕಿದ್ದು ಅದೊಂದೇ ದಿನ.

ಸಂಜೆ ಅಕ್ಕ ಗುಂಪಿನೊಡನೆ ಹೊರಟುಹೋದ ಮೇಲೆ ಸೊಂಟ ಮುಟ್ಟಿ ನೋಡಿಕೊಂಡಳು. ಡಬ್ಬಿ ಇರಲಿಲ್ಲ. ತಾಸುಕೆ ಮನೆಗೆ ಬಂದಿದ್ದ, ಬೀಗದಕೈ ಅವನ ಸೊಂಟದಲ್ಲಿತ್ತು. ಬೆಳಿಗ್ಗೆ ಅವನು ಮುಖ ತೊಳೆಯುವಾಗ ಅದನ್ನು ಎಗರಿಸಿಕೊಂಡು, ಹುಲ್ಲಿಗೆಂದು ಹೇಳಿ ಗವಿಗೆ ಹೋದಳು. ಡಬ್ಬಿ ಇಟ್ಟಲ್ಲೇ ಇತ್ತು, ತಣ್ಣಗಾಗಿತ್ತು. ಅದರ ಬಾಗಿದ ಎರಡು ತುದಿ ತಾಗಿದ ಕಡೆ ಮುಚ್ಚಳದಲ್ಲಿ ಎರಡು ಕಂದು ಕಲೆ. ಪೆಟ್ಟಿಗೆಯ ಬದಿಯಲ್ಲಿ ಗೊಂಜೋನ ಮನೆಯ ಗುರುತು. ಮುಚ್ಚಳ ತೆರೆದು ಹಾಳೆ ಮುಟ್ಟಿದಳು. ಬಿಸಿಗೆ ಹಬೆಯಾಡಿ ಮತ್ತೆ ತಣಿದ ಹಾಳೆ ಬೆರಳಿಗೆ ಜಿಬಿಜಿಬಿ ಹತ್ತಿತು. ಮೊಟ್ಟೆಗೆ ಎಚ್ಚರವಾಗಿದೆ ಎಂದು ಅವಳಿಗೆ ಗೊತ್ತಾಯಿತು.

ಆಗಲೇ ಹೋಗಿ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಊರು ಒಂದು ಮನೆಯನ್ನು ಹೊರಗಿಟ್ಟಿತೆಂದರೆ ಬೆಂಕಿ ಬಿದ್ದಾಗ, ಹೆಣ ಬಿದ್ದಾಗ ಬಿಟ್ಟು ಬೇರೆ ಯಾವುದಕ್ಕೂ ಯಾರೂ ಆ ಹೊಸಿಲು ತುಳಿಯುವುದಿಲ್ಲ. ಗಂಡನ ಪಾಳಿ, ಹೆಂಡತಿ ಕದ್ದು ಒಳಗೆ ಹೋದಳು, ಜೊತೆಗೆ ಹೊರಗಿನವಳನ್ನೂ ಕರೆದೊಯ್ದಳು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಏನೂ ಆಗಿರಲಾರದು ಎಂದುಕೊಂಡಳು ತೊಮೆ. ಏನಾಗಿದೆ ಎಂದು ಚೆನ್ನಾಗಿ ಗೊತ್ತಿರುವವರೇ ಹಾಗೆ ಅಂದುಕೊಳ್ಳುವುದು.

ಬೇಸಿಗೆ ಇಳಿದು ಪೆಟ್ಟಿಗೆಗಳು ಹೊರಬಂದವು. ಮನೆಮನೆಯಲ್ಲೂ ಇರುವೆಯಂಥ ಕಪ್ಪು ಮರಿಗಳು ಎದ್ದವು. ಗೊಂಜೋನ ಹಾಳೆಗಳು ಮಾತ್ರ ಇಟ್ಟ ಹಾಗೇ ಇದ್ದವು. ಹಿರಿಯರು ಬಂದು ಅಂಗಳದಲ್ಲಿ ನಿಂತು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನೋ ಗೊಂಜೋ, ಮುಚ್ಚಳದ ಮೇಲೆ ಸುಟ್ಟ ಕಲೆ? ಎರಡು ಇದಾವೆ" ಎಂದ ಊರಗೌಡ.

ಎಲ್ಲರೂ ಗೊಂಜೋನ ಸೊಂಟದತ್ತ ನೋಡಿದರು. ಅಲ್ಲಿ ಅವನ ಉದ್ದ ಚಿಲುಮೆ ಸಿಕ್ಕಿಸಿತ್ತು. ಊಟ ಬಿಟ್ಟಾನು, ಚಿಲುಮೆ ಬಿಡ ಎಂದು ಹೆಸರಾದ ಮನುಷ್ಯ. ರೇಷ್ಮೆಯ ಹತ್ತಿರ ಹೊಗೆಸೊಪ್ಪು ಸುಳಿಯಬಾರದು ಎಂಬುದು ಮೊಟ್ಟಮೊದಲ ಪಾಠ.

"ಪೆಟ್ಟಿಗೆ ಇಡೋಕೆ ಹೋದಾಗ ಸೇದ್ತಿದ್ಯಾ?"

"ಹೊರಗಡೆ ಸೇದಿದ್ದೆ..." ಗೊಂಜೋ ತಡವರಿಸಿದ. "ಒಳಗಡೆ ಆರಿಸಿದ್ದೆ ಅಂತ... ಅಥವಾ ಮುಚ್ಚಳದ ಮೇಲೆ ಇಟ್ಟಿದ್ನೋ ಏನೋ. ಕೈಗೆ ಅಭ್ಯಾಸ ನೋಡಿ, ಎಲ್ಲಿ ಇಡತ್ತೋ ನಂಗೇ ಗೊತ್ತಾಗಲ್ಲ."

ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದ ತೊಮೆಯ ಬಾಯಿ ತೆರೆಯಿತು. "ಏನೇ ಬಾಯಿ ಬಿಟ್ಕೊಂಡು ನಿಂತಿದ್ದೀಯ, ಅವರಿಗೆ ಹಸಿವಾಗ್ತಿದೆ ಅಲ್ಲಿ, ನಡಿ ಮನೆಗೆ" ಎಂದಳು ಅತ್ತೆ. ತೊಮೆ ಬಾಯಿ ಮುಚ್ಚಿಕೊಂಡು ನಡೆದಳು.

ಗೊಂಜೋನ ಮಗಳು ಮಿತ್ಸುವಿಗೆ ದೋಣಿಯವರ ಮನೆಯ ಹುಡುಗನೊಡನೆ ಆ ಚಳಿಗಾಲಕ್ಕೆ ಮದುವೆ ಗೊತ್ತಾಗಿತ್ತು. ಬೆಳೆ ಹೋಯಿತು, ಮದುವೆಯೂ ಮುರಿಯಿತು. ಮಂಜು ಬೀಳುವ ಮುಂಚೆ ಅವಳು ಸುವಾ ಸೀಮೆಯ ನೂಲು ಬಿಚ್ಚುವ ಕಾರ್ಖಾನೆಗೆ ಹೊರಟಳು. ಹೊಸಿಲಲ್ಲಿ ಹುಲ್ಲಿನ ಚಪ್ಪಲಿ ಕಟ್ಟಿಕೊಳ್ಳುತ್ತ, ತಲೆ ಎತ್ತದೆ, "ನಿನ್ನ ಚಿಲುಮೆ ನನ್ನ ಬಾಳು ಸುಟ್ಟಿತು ಅಪ್ಪ" ಎಂದು ಹೋದವಳು ಮತ್ತೆ ಬರಲಿಲ್ಲ. ತಾಯಿ ಸತ್ತಾಗಲೂ ಬರಲಿಲ್ಲ. ಗೊಂಜೋ ಚಿಲುಮೆಯನ್ನು ಅಂಗಳದ ಕಲ್ಲಿಗೆ ಬಡಿದು ಮುರಿದ. ಮುಚ್ಚಳದಿಂದ ಆ ಕಲೆಯಿದ್ದ ಹಲಗೆಯ ತುಂಡನ್ನು ಕೊಯ್ದುಕೊಂಡು, ಪ್ರತಿ ಬೇಸಿಗೆ ಬೆನ್ನಿಗೆ ಕಟ್ಟಿಕೊಂಡು ಫುಜಿ ಹತ್ತತೊಡಗಿದ. ನೆತ್ತಿಯಲ್ಲಿ ಬೆಂಕಿ ಕಕ್ಕಿದ ಬಾಯಿಯ ಅಂಚಿನಲ್ಲಿ ಅದನ್ನಿಟ್ಟು ತಪ್ಪಾಯಿತೆಂದು ನೆಲಕ್ಕೆ ಹಣೆ ಹಚ್ಚಿ, ಮತ್ತೆ ಹೊತ್ತು ತರುತ್ತಿದ್ದ. ಇಷ್ಟು ವರ್ಷವೂ ಅವನ ಚಪ್ಪಲಿಗೆ ಹುಲ್ಲು ಹೆಣೆದು ಕೊಟ್ಟವಳು ತೊಮೆ.

ಅತ್ತೆ ತೀರಿಕೊಂಡಳು. ಹೆದರಬೇಕಾದವರು ಹೋದ ಮೇಲೂ ಹೆದರಿಕೆ ಹೋಗಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡು ಬೆಳಿಗ್ಗೆ ಸೊಪ್ಪು ಒಯ್ದು ಕೊಡುತ್ತಿದ್ದಳು. ಸೊಪ್ಪು ಕೊಟ್ಟರೆ ಅವತ್ತಿಗೆ ಎದೆ ಸ್ವಲ್ಪ ಹಗುರ. ಹೀಗೆ ಪಾಪವನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಖಾಲಿ ಮಾಡಬಹುದು ಎಂದು ಅವಳು ನಂಬಿದ್ದಳು.

ಈ ಬೇಸಿಗೆ ಗೊಂಜೋನ ಮೊಣಕಾಲು ಕೈಕೊಟ್ಟಿತ್ತು. ಜೊತೆಗೆ ಬರಬೇಕಿದ್ದ ತಾಸುಕೆಗೆ ಬೆನ್ನು ಹಿಡಿದಿತ್ತು. "ನಾನು ಬರ್ತೀನಿ ಮಾವ" ಎಂದು ತೊಮೆಯೇ ಹೊರಟಳು. ಹೊರಡುವಾಗ ನೆಲಹಲಗೆ ಎತ್ತಿ, ಬಚ್ಚಿಟ್ಟಿದ್ದ ಡಬ್ಬಿಯನ್ನು ತೆಗೆದು ಸೊಂಟಪಟ್ಟಿಯೊಳಗೆ ಸೇರಿಸಿದಳು. ಯಾಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದಕ್ಕೆ ಕಿಡಿ ಹೊತ್ತಿಸಲಿಲ್ಲ.

ಕಡಿದಾದ ಕಡೆಯಲ್ಲೆಲ್ಲ ಮುದುಕ ಮೇಲೆ ನಿಂತು ತನ್ನ ದೊಣ್ಣೆಯ ತುದಿಯನ್ನು ಅವಳತ್ತ ಚಾಚುತ್ತಿದ್ದ. ಅವಳು ಹಿಡಿದುಕೊಂಡು ಹತ್ತುತ್ತಿದ್ದಳು. "ಮನಸ್ಸೂ ಸೇರಿ ಆರೂ ಇಂದ್ರಿಯ ಶುದ್ಧವಾಗಲಿ" ಎಂದು ಯಾತ್ರಿಕರು ಸುತ್ತ ಕೂಗುತ್ತಿದ್ದರು. ತೊಮೆಯ ನಾಲಿಗೆ ಹೊರಳಲಿಲ್ಲ.

ಏಳನೆಯ ತಂಗುಮನೆಯ ಮುಂದೆ ಬಾರ್ಲಿ ಅನ್ನದ ಉಂಡೆ ತಿನ್ನಲು ಕೂತಾಗ ಗೊಂಜೋ ಹೇಳಿದ. "ಈ ಸಲ ಕೊನೆ ತಾಯಿ. ಮಿತ್ಸು ಬರ್ತಾಳಂತೆ, ಬೋನ್ ಹಬ್ಬಕ್ಕೆ, ಸತ್ತೋರಿಗೆ ಎಡೆ ಇಡೋಕೆ. ಮಕ್ಕಳನ್ನೂ ಕರ್ಕೊಂಡು. ಸುವಾದಿಂದ ಬಂದ ಬುಟ್ಟಿ ವ್ಯಾಪಾರಿ ಹೇಳಿದ."

"ಒಳ್ಳೇದಾಯ್ತಲ್ಲ ಮಾವ."

"ಅವಳ ಮುಂದೆ ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳ್ಬೇಕು ಅಂತಿದ್ದೀನಿ. ಮೊಮ್ಮಕ್ಕಳು ನೋಡ್ಲಿ ಬಿಡು. ಅಪ್ಪ ಆದೋನು ಮಗಳ ಕಾಲಿಗೆ ಬೀಳಬಾರ್ದು ಅಂತಾರೆ. ಆದ್ರೆ ಸುಟ್ಟಿದ್ದು ನಾನೇ ಅಲ್ವಾ?"

ಅನ್ನ ನೆತ್ತಿಗೇರಿ ತೊಮೆ ಕೆಮ್ಮತೊಡಗಿದಳು. ಅವನು ತನ್ನ ಬಿದಿರು ಬುಡ್ಡಿಯಿಂದ ಅವಳಿಗೆ ನೀರು ಕುಡಿಸಿ ಬೆನ್ನು ತಟ್ಟಿದ.

ನೆತ್ತಿ ಮುಟ್ಟಿದಾಗ ಬಿಸಿಲು ಇತ್ತು, ಗಾಳಿ ಚರ್ಮ ಸುಲಿಯುತ್ತಿತ್ತು. ಬೆಟ್ಟದ ಬಾಯಿ ಕೆಳಗೆ ಆಳವಾಗಿ, ಕೆಂಪಾಗಿ, ಸುಮ್ಮನೆ ತೆರೆದುಕೊಂಡಿತ್ತು. ಪೂರ್ವದ ಅಂಚಿನಲ್ಲಿ ಒಂದಿಷ್ಟು ಜಾಗದಲ್ಲಿ ಮಣ್ಣಿನಿಂದ ಸಣ್ಣಗೆ ಹಬೆ ಏಳುತ್ತದೆ. ಚಳಿಗೆ ನಡುಗುವವರೆಲ್ಲ ಅಲ್ಲಿ ಬಂದು ಅಂಗೈ ಊರಿಕೊಂಡು ಕೂರುತ್ತಾರೆ. ಗೊಂಜೋ ಅವಳನ್ನೂ ಕೂರಿಸಿದ.

"ಮುಟ್ಟಿ ನೋಡು. ಏಳೆಂಟು ತಲೆಮಾರಾಯ್ತು ಬೆಂಕಿ ಕಾರಿ. ಸತ್ತೋಯ್ತು ಅಂತಾರೆ. ಎಲ್ಲಿ ಸತ್ತಿದೆ? ಮಲಗಿದಾಳೆ ಅಷ್ಟೇ ನಮ್ಮಮ್ಮ."

ಆಮೇಲೆ ಅವನು ಬೆನ್ನಿನ ಗಂಟು ಬಿಚ್ಚಿ, ಹಲಗೆಯ ತುಂಡನ್ನು ಮಣ್ಣಿನ ಮೇಲಿಟ್ಟು, ಹಣೆ ಹಚ್ಚಲು ಬಾಗಿದ. ತೊಮೆ ಅವನ ತೋಳು ಹಿಡಿದುಕೊಂಡಳು.

"ಬೇಡ ಮಾವ. ಅದು ನಿಮ್ಮ ಚಿಲುಮೆ ಅಲ್ಲ. ನಾನು. ಅಕ್ಕನ ಜೊತೆ ಗವಿಗೆ ಹೋಗಿದ್ದೆ. ಬಿಸಿ ಡಬ್ಬಿ ನಿಮ್ಮ ಪೆಟ್ಟಿಗೆ ಮೇಲೆ ಮರ್ತು ಬಂದೆ. ನಾನೇ ಮಾವ."

ಗೊಂಜೋ ಅವಳನ್ನು ನೋಡಿದ. ಅವನ ಕಣ್ಣು ತುಂಬಿ ಬಂತು. ಅವಳು ಅಂದುಕೊಂಡ ಕಾರಣಕ್ಕಲ್ಲ.

"ಎಂಥಾ ಹೆಂಗಸೇ ನೀನು! ಮುದುಕ ಮಗಳ ಕಾಲಿಗೆ ಬೀಳೋದು ತಪ್ಪಲಿ ಅಂತ ಬೆಟ್ಟದ ಮೇಲೆ ನಿಂತು ನನ್ನ ಪಾಪ ನಿನ್ನ ತಲೆ ಮೇಲೆ ಎಳ್ಕೋತೀಯಾ? ನನ್ನ ಹೆಂಡ್ತಿ ಸಾಯೋವಾಗ ಹೇಳಿದ್ದು ನಿಜ. ನೀನು ದೇವರು."

ಇದಕ್ಕಿಂತ ಅವನು ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ತೊಮೆ ಸೊಂಟಪಟ್ಟಿಯಿಂದ ಡಬ್ಬಿ ತೆಗೆದಳು. ತುಕ್ಕು ಹಿಡಿದಿತ್ತು. ಅದನ್ನು ಹಲಗೆಯ ಮೇಲೆ ಇಟ್ಟಳು. ಬಾಗಿದ ಎರಡು ತುದಿಗಳು ಎರಡು ಕಲೆಗಳ ಮೇಲೆ, ತೂತಿಗೆ ಗೂಟ ಕೂತ ಹಾಗೆ ಕೂತವು.

ಗೊಂಜೋ ಅದನ್ನು ಎತ್ತಿದ, ಮತ್ತೆ ಇಟ್ಟ. ತಿರುಗಿಸಿ ಇಟ್ಟ. ಹಾಗೂ ಕೂತಿತು. ಬಹಳ ಹೊತ್ತು ಅವನು ಅದನ್ನೇ ಮಾಡಿದ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮಾರನೇ ದಿನ ಬೆಳಿಗ್ಗೆ."

"ಮಾರನೇ ದಿನ." ಅವನು ಆ ಮಾತನ್ನು ಬಾಯಲ್ಲಿ ಹೊರಳಿಸಿದ. "ಅವತ್ತು ಹೇಳಿದ್ರೆ..."

"ಹಾಳೆ ಹೊರಗೆ ತರಬಹುದಿತ್ತು. ಅರ್ಧ ಆದ್ರೂ ಉಳೀತಿತ್ತು. ಮದುವೆ ನಿಲ್ತಿರ್ಲಿಲ್ಲ." ಇಷ್ಟು ವರ್ಷ ಮನಸ್ಸಿನಲ್ಲಿ ದಿನವೂ ಹೇಳಿಕೊಂಡಿದ್ದ ಮಾತಾದ್ದರಿಂದ ಅದು ತಡೆಯದೆ ಬಂತು.

"ನನ್ನ ಹೆಂಡ್ತಿ ನಿನ್ನ ಕೈ ಹಿಡ್ಕೊಂಡು ಸತ್ತಳು. ಆಗಲೂ ಹೇಳ್ಲಿಲ್ಲ."

"ಇಲ್ಲ ಮಾವ."

ಪಕ್ಕದಲ್ಲಿ ಕೂತಿದ್ದ ಯಾತ್ರಿಕನೊಬ್ಬ ಚಿಲುಮೆ ಹೊತ್ತಿಸಿದ್ದ. ಗೊಂಜೋ ಎದ್ದು ಹೋಗಿ ಕೈ ಚಾಚಿದ. ಅವನು ಕೊಟ್ಟ. ಒಂದು ದಮ್ಮು ಎಳೆದದ್ದೇ ಮುದುಕನಿಗೆ ಕೆಮ್ಮು ಒತ್ತರಿಸಿ ಬಂದು ಬಾಗಿ ಹೋದ. ಚಿಲುಮೆ ವಾಪಸು ಕೊಟ್ಟು, ಕಣ್ಣೊರೆಸಿಕೊಂಡು, "ಇದರ ರುಚೀನೂ ಹೋಯ್ತು" ಎಂದ. ತೊಮೆಗೆ ಹೇಳಿದನೋ, ಬೆಟ್ಟಕ್ಕೆ ಹೇಳಿದನೋ ತಿಳಿಯಲಿಲ್ಲ. ಹಲಗೆಯನ್ನೂ ಡಬ್ಬಿಯನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡ.

ಇಳಿಯುವಾಗ ಅವನು ಮುಂದೆ, ಅವಳು ಹಿಂದೆ. ಕರಿಮರಳಿನ ಇಳಿಜಾರು ಕಾಲ ಕೆಳಗೆ ಜಾರುತ್ತಿತ್ತು. ಕಡಿದಾದ ಕಡೆ ಬಂದರೂ ಅವನು ತಿರುಗಿ ನೋಡಲಿಲ್ಲ, ದೊಣ್ಣೆ ಚಾಚಲಿಲ್ಲ. ಅದು ಸರಿ ಎಂದೇ ತೊಮೆಗೆ ಅನ್ನಿಸಿತು. ಒಂದು ಕಡೆ ಮರಳಿನ ಜೊತೆ ಅವಳೂ ಜಾರಿ, ಅಂಗೈ ಕಿತ್ತು, ಹಳ್ಳದ ಅಂಚಿನಲ್ಲಿ ಒಂದು ಕಲ್ಲಿಗೆ ಆತು ನಿಂತಳು. ಕೂಗಲಿಲ್ಲ.

ಮರಳು ಸರಿದ ಸದ್ದಿಗೆ ಗೊಂಜೋ ನಿಂತ. ನೋವಿನ ಮೊಣಕಾಲು ಎಳೆದುಕೊಂಡು ಮತ್ತೆ ಮೇಲಕ್ಕೆ ಬಂದ. ಮುಖ ಬೇರೆ ಕಡೆ ತಿರುಗಿಸಿಕೊಂಡೇ ದೊಣ್ಣೆಯ ತುದಿಯನ್ನು ಅವಳತ್ತ ಚಾಚಿದ.

"ಹಿಡ್ಕೋ. ಕ್ಷಮಿಸಿದೀನಿ ಅಂತ ಅಲ್ಲ" ಎಂದ. "ಬೋನ್ ಹಬ್ಬದವರೆಗೂ ನೀನು ಸಾಯೋ ಹಾಗಿಲ್ಲ. ಮಿತ್ಸು ಮುಂದೆ ನೀನೇ ಕೂತು ಹೇಳ್ಬೇಕು."

ತೊಮೆ ರಕ್ತ ಸೋರುತ್ತಿದ್ದ ಕೈಯಲ್ಲಿ ದೊಣ್ಣೆ ಹಿಡಿದುಕೊಂಡಳು.